ಏಳು ಕೆಜಿ ಬ್ಯಾಗು, ನಾಲ್ಕು ರಾತ್ರಿ ಹಡಗು: ಊಟಕ್ಕೆ ಏನು ಹಾಕ್ಕೊಂಡು ಹೋಗೋದು?

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೇಳ್ತಾ ಇದೀನಿ, ನಗಬೇಡಿ. ನನ್ನ ಬಾಮೈದ ಸಿಂಗಪುರದಾಗೆ ಕೆಲಸಕ್ಕಿದಾನೆ. ಜನವರಿಗೆ ನಮ್ಮಿಬ್ಬರಿಗೂ ನಮ್ಮಪ್ಪಗೂ ಅಲ್ಲಿಂದ ನಾಲ್ಕು ರಾತ್ರಿಯ ಹಡಗಿನ ಟಿಕೆಟ್ ಮಾಡ್ಸಿದಾನೆ. ಪೆನಾಂಗು, ಫುಕೆಟ್ಟು ಸುತ್ತಿಸಿ ತಿರುಗಿ ಸಿಂಗಪುರಕ್ಕೇ ತಂದು ಬಿಡ್ತಾರಂತೆ. ಖುಷಿನೇ. ಆದ್ರೆ ಟಿಕೆಟ್ ಜತೆ ಬಂದಿದ್ದರಾಗೆ ಒಂದು ಸಾಲು ಐತೆ: ರಾತ್ರಿ ಊಟಕ್ಕೆ ಮೂರು ದಿನ ‘ಸ್ಮಾರ್ಟ್ ಕ್ಯಾಶುಯಲ್’, ಒಂದು ದಿನ ‘ಫಾರ್ಮಲ್’. ಅದನ್ನ ಓದಿದ ದಿನದಿಂದ ಮನೆಯಾಗೆ ನೆಮ್ಮದಿ ಇಲ್ಲ.

ವಿಮಾನದ ಟಿಕೆಟ್ ಅಗ್ಗದ್ದು. ಒಬ್ಬೊಬ್ಬರಿಗೆ ಕೈಬ್ಯಾಗು 7 ಕೆಜಿ, ಅಷ್ಟೇ. ನಮ್ಮ ಮನೆಯಾಕೆ ದಿನಕ್ಕೊಂದರಂಗೆ ಐದು ರೇಷ್ಮೆ ಸೀರೆ ಆಗಲೇ ಮಂಚದ ಮೇಲೆ ಹರವಿ ಇಟ್ಟಿದಾಳೆ. ನಾನು ಹುಟ್ಟಿದಾಗಿಂದ ಜೀನ್ಸ್ ಕತ್ತರಿಸೋನು, ಹಾಕ್ಕೊಳ್ಳೋದೂ ಅದೇ. ಸೂಟು ಹೊಲಿಸ್ಬೇಕಾ?

ಎಲ್ಲಕ್ಕಿಂತ ದೊಡ್ಡ ಚಿಂತೆ ನಮ್ಮಪ್ಪಂದು. ಎಪ್ಪತ್ತೆರಡು ವರ್ಷ, ಕುರುಗೋಡು ಕಡೆ ಹೊಲ. ಪ್ಯಾಂಟು ಅನ್ನೋದನ್ನ ಮದುವೆ ದಿನಾನೂ ಹಾಕಿಲ್ಲ. ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಟವಲ್ಲು. 2024ರ ಜುಲೈನಾಗೆ ಬೆಂಗಳೂರಿನ ಮಾಲ್ ಒಂದರಾಗೆ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನ ಬಾಗಿಲಲ್ಲೇ ನಿಲ್ಲಿಸಿದ್ದು ನೋಡಿದ್ವಲ್ಲ. ನಮ್ಮ ರಾಜಧಾನಿಯಾಗೇ ಹಂಗಾದ್ರೆ, ಪರದೇಶದ ಹಡಗಿನಾಗೆ? ಮಗನ ಎದುರಿಗೆ ಅಪ್ಪನ್ನ ವಾಪಸ್ ಕಳಿಸಿದ್ರೆ ಅಂತ ನಿದ್ದೆ ಬರ್ತಿಲ್ಲ.

ರಾಯಚೂರು ಬಿಸಿಲು

ಸೂಟು ಹೊಲಿಸಬ್ಯಾಡ್ರಿ ಮಾಸ್ತರ, ಕೈ ಮುಗೀತೀನಿ. ನಾ ಆ ತಪ್ಪು ಮಾಡಿ ಬಂದೀನಿ. ಎರಡು ವರ್ಷದ ಹಿಂದ ಮುಂಬಯಿಯಿಂದ ಗೋವಾಕ್ಕ ಹೋಗಿ ಬರೋ ಹಡಗಿಗೆ ಹೋಗಿದ್ವಿ. ರಾಯಚೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ಮುಂಬಯಿ ಸಿಎಸ್‌ಎಂಟಿ ಸ್ಟೇಷನ್ನು, ಅಲ್ಲಿಂದ ಹಡಗು ಹತ್ತೋ ಬಲ್ಲಾರ್ಡ್ ಪಿಯರ್ ಬಂದರು ಹತ್ರಾನೇ ಅದ. ಆ ಪ್ರವಾಸಕ್ಕಂತ ಒಂದು ನೀಲಿ ಬ್ಲೇಜರ್ ತಗೊಂಡೆ. ಅಂಗಡ್ಯಾಗ ತೂಗಿಸಿ ನೋಡೀನಿ, ಹ್ಯಾಂಗರ್ ಬಿಟ್ಟು ಒಂದೂಕಾಲು ಕೆಜಿ. ಊಟಕ್ಕ ಕೂತ ಮ್ಯಾಲ ನೋಡ್ತೀನಿ, ಸುತ್ತಮುತ್ತ ಎಲ್ಲಾರೂ ತುಂಬುತೋಳಿನ ಅಂಗಿ, ಪ್ಯಾಂಟು. ಒಬ್ಬನರ ಕೋಟು ಹಾಕಿದವ ಇದ್ದಿಲ್ಲ. ಫೋಟೊ ಹೊಡಿಸಿಕೊಂಡು ತೆಗೆದು ಕುರ್ಚಿಗೆ ಹಾಕಿದೆ. ಆ ಬ್ಲೇಜರ್ ಖರೇನ ಉಪಯೋಗಕ್ಕ ಬಂದಿದ್ದು ಕಡೀ ದಿನ, ಬ್ಯಾರೇ ಕಾರಣಕ್ಕ. ಆ ಕಥಿ ಆಮ್ಯಾಲ ಹೇಳ್ತೀನಿ, ಮರ್ಯಾದಿ ಪ್ರಶ್ನಾ ಅದ.

ಹಡಗು ಬಿಟ್ಟ ಹುಡುಗ, ಕೊಪ್ಪಳ

ಅಣ್ಣಾರ, ನಾ ಆರು ವರ್ಷ ಇಂಥಾ ಹಡಗಿನ ಡೈನಿಂಗ್ ಹಾಲಿನಾಗ ಸಪ್ಲಾಯರ್ ಆಗಿ ದುಡದು ಬಂದೀನಿ. ಈಗ ಊರಾಗ ರೊಟ್ಟಿ ಖಾನಾವಳಿ ಐತಿ. ಬಾಗಲದಾಗ ಯಾರನ್ನೂ ನಿಲ್ಲಸಂಗಿಲ್ಲ, ಬನಿಯನ್ ಮ್ಯಾಲೆ ಬಂದ್ರೂ ಬಡಸ್ತೀನಿ. ನನಗ ಗೊತ್ತಿದ್ದಷ್ಟು ಹೇಳ್ತೀನಿ ಕೇಳ್ರಿ.

ಹಡಗಿನಾಗ ಊಟಕ್ಕ ಎರಡು ದಾರಿ. ಒಂದು ದೊಡ್ಡ ಡೈನಿಂಗ್ ಹಾಲು: ಬಿಳಿ ಮೇಜುವಸ್ತ್ರ, ನಾವು ಬಂದು ಕೇಳಿ ತಂದು ಕೊಡೋದು. ಇನ್ನೊಂದು ಮ್ಯಾಲಿನ ಅಂತಸ್ತಿನಾಗ ಬಫೆ: ತಾಟು ಹಿಡಕೊಂಡು ಹಾಕ್ಕೊಳ್ಳೋದು, ಲಗ್ನದ ಮನಿ ಊಟ ಇದ್ದಂಗ. ನೀವು ಓದಿದ ‘ಸ್ಮಾರ್ಟ್’, ‘ಫಾರ್ಮಲ್’ ಎಲ್ಲಾ ಆ ದೊಡ್ಡ ಹಾಲಿಗೆ, ಜತಿಗೆ ಬ್ಯಾರೆ ರೊಕ್ಕ ಕೊಟ್ಟು ಉಣ್ಣೋ ಹೋಟೆಲಿಗೆ. ಬಫೆಗೆ ಒದ್ದಿ ಈಜುಬಟ್ಟಿ, ಬರಿಗಾಲು ಬ್ಯಾಡ ಅಂತಾರ, ಉಳಿದದ್ದಕ್ಕ ಯಾರೂ ಕೇಳಂಗಿಲ್ಲ. ಡ್ರೆಸ್ಸಿನ ತಲಿನೋವ ಬ್ಯಾಡ ಅಂದ್ರ ನಾಕೂ ರಾತ್ರಿ ಮ್ಯಾಲೇ ಉಣ್ಣಬಹುದು. ಆದ್ರ ಆ ಹಾಲಿನ ಊಟಕ್ಕೂ ನಿಮ್ಮ ಟಿಕೆಟಿನಾಗೇ ರೊಕ್ಕ ಹೋಗೇತಿ, ಯಾಕ ಬಿಡ್ತೀರಿ?

ನಾವು ಬಾಗಲದಾಗ ತಡೀತಿದ್ದದ್ದು ಯಾರನ್ನ ಗೊತ್ತೇನ್ರಿ? ಚಡ್ಡಿ ಹಾಕ್ಕೊಂಡು ಬರೋ ಗಂಡಸರನ್ನ. ತೋಳಿಲ್ಲದ ಬನಿಯನ್, ಹವಾಯಿ ಚಪ್ಪಲಿ. ಇಷ್ಟ. ಅದೂ ಹೆಚ್ಚಿನವರು ಬಿಳಿಯರೇ ಇರತಿದ್ರು. ‘ಸ್ಮಾರ್ಟ್ ಕ್ಯಾಶುಯಲ್’ ಅಂದ್ರ ಕಾಲರ್ ಇರೋ ಅಂಗಿ, ಉದ್ದನ್ನ ಪ್ಯಾಂಟು, ಮುಗೀತು. ಹರದದ್ದಲ್ಲದ ಜೀನ್ಸ್ ಆದ್ರ ಬಾಳ ಕಂಪನಿಯವರು ಆ ದಿನ ಸುಮ್ನ ಒಳಗ ಬಿಡ್ತಾರ. ‘ಫಾರ್ಮಲ್’ ದಿನ ಮಾತ್ರ ಜೀನ್ಸ್ ಬ್ಯಾಡ. ಸಣ್ಣ ಪ್ರವಾಸಕ್ಕ ಅಂಥಾ ರಾತ್ರಿ ಸಾಮಾನ್ಯವಾಗಿ ಒಂದು, ವಾರದ ಪ್ರವಾಸಕ್ಕ ಎರಡು. ಮೊದಲನೇ ರಾತ್ರಿ ಇಡೋದು ಕಡಿಮಿ, ಯಾಕಂದ್ರ ದೊಡ್ಡ ಪೆಟಗಿ ಕೊಟ್ಟವರ ಸಾಮಾನು ಕೋಣಿಗೆ ಮುಟ್ಟೋದು ಸಂಜಿ ಆಗ್ತೈತಿ.

ಕಂಪನಿಗೊಂದು ರೀತಿ ಇರತೈತಿ. ನಾರ್ವೇಜಿಯನ್ ಅನ್ನೋ ಹಡಗಿನ ಕಂಪನಿಯವರು ಫಾರ್ಮಲ್ ಕಡ್ಡಾಯ ಅನ್ನೋದನ್ನೇ ಇಟ್ಟಿಲ್ಲ. ಇನ್ನೊಂದು ತುದಿಗೆ ಕ್ಯೂನಾರ್ಡ್: ಅವರ ಕ್ವೀನ್ ಮೇರಿ 2 ಇಂಗ್ಲೆಂಡಿಂದ ನ್ಯೂಯಾರ್ಕಿಗೆ ಏಳು ರಾತ್ರಿ ತಗೋತೈತಿ, ‘ಗಾಲಾ’ ರಾತ್ರಿ ಅಂದ್ರ ಕಪ್ಪು ಸೂಟು, ಬೋ ಟೈ. ಅಷ್ಟು ಬಿಗಿ ಇರೋ ಅವರ ಪಟ್ಟಿನಾಗೂ ‘ಆಯಾ ದೇಶದ ಸಾಂಪ್ರದಾಯಿಕ ಉಡುಪು’ ನಡೀತೈತಿ ಅಂತೈತಿ. ಸ್ಕಾಟ್ಲೆಂಡಿನವರು ಮೊಣಕಾಲು ಕಾಣೋ ಕಿಲ್ಟ್ ಉಟ್ಟು, ಫಿಲಿಪ್ಪೀನ್ಸಿನವರು ಬಾರೊಂಗ್ ಅಂಗಿ ಹಾಕ್ಕೊಂಡು ಬಂದದ್ದಕ್ಕ ನಾನೇ ಬಡಿಸೀನಿ.

ಅದಕ್ಕ ನಿಮ್ಮ ಅಪ್ಪಾಜಿ ಧೋತ್ರ ಉಟ್ಟು ಬರಲಿ. ಎರಡ ಮಾತು: ಮೊಣಕಾಲ ಮ್ಯಾಲೆ ಎತ್ತಿ ಕಟ್ಟಬ್ಯಾಡ ಅನ್ರಿ, ಕಾಲಿಗೆ ಹಿಂದ ಪಟ್ಟಿ ಇರೋ ಚಪ್ಪಲಿ ಹಾಕಸ್ರಿ. ಲುಂಗಿ ಮಾತ್ರ ಬ್ಯಾಡ್ರಿ, ಅದು ಮನಿಗೆ ಚಂದ.

ಗಾಂಧಿನಗರ ನಿವಾಸಿ, ಬಳ್ಳಾರಿ

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಅವರ ಮನೆಗೆ ಹೋದ ಮೇಲೆ ಅವರ ರೀತಿ. ದೇವಸ್ಥಾನದಲ್ಲಿ ಅಂಗಿ ಬಿಚ್ಚು ಅಂದ್ರೆ ಬಿಚ್ಚಲ್ವಾ? ಒಂದು ರಾತ್ರಿ ಪ್ಯಾಂಟು ಹಾಕಿಸಿದ್ರೆ ಹಿರಿಯರಿಗೇನು ನಷ್ಟ? ಎಲ್ಲಾ ಟೇಬಲ್ಲಿನೋರು ತಿರುಗಿ ನೋಡೋದು ತಪ್ಪುತ್ತೆ.

ರಾಯಚೂರು ಬಿಸಿಲು

ಸರ, ಎಪ್ಪತ್ತೆರಡು ವರ್ಷಕ್ಕ ಮೊದಲ ಸಲ ಪ್ಯಾಂಟು ಹಾಕಿಸಿ ಅಲ್ಲಾಡೋ ಹಡಗಿನ್ಯಾಗ ನಡಿಸಬೇಕಂದ್ರ ಅವರು ಉಣ್ಣೋದು ಬಿಟ್ಟು ಜಿಪ್ ನೋಡ್ಕೋತ ಕೂಡ್ತಾರ. ರೀತಿ ಅವರದೇ ಅಲ್ಲೇನ್ರಿ, ಅವರ ಪಟ್ಟಿನ್ಯಾಗೇ ಅದ ಅಂತ ಈಗ ಹೇಳಿದ್ರಲ್ಲ ಈ ತಮ್ಮ. ಇನ್ನ ಆ ಬೆಂಗಳೂರಿನ ಮಾಲಿನ ಮಾತು: ಆ ವಾರದಾಗೇ ಸದನದಾಗ ಗದ್ದಲ ಆಗಿ, ವಾರ ಬಾಗಿಲು ಹಾಕಸ್ತೀವಿ ಅಂತ ಸರ್ಕಾರ ಹೇಳಿತ್ತು. ಧೋತ್ರ ತಡದವರಿಗೇ ತ್ರಾಸ ಆಯ್ತು.

ಸೆರಗಿನ ತೆನಿ, ಗಂಗಾವತಿ

ಗಂಡಸರು ಮಾತಾಡಿ ಮುಗೀತಾ? ಮಾಸ್ಟರ್ ಅವರೇ, ಈ ಭಾಗ ನಿಮ್ಮ ಮನೆಯವರಿಗೆ ಓದಿ ಹೇಳಿ. ನಮ್ಮದು ಕಿರಾಣಿ ಅಂಗಡಿ. ಹೋದ ವರ್ಷ ಮಗಳ ಜೊತೆ ಹಡಗಿಗೆ ಹೋಗುವಾಗ ನಾನು ಮೊದಲು ಮಾಡಿದ ಕೆಲಸ, ಬೇಳೆ ತೂಗೋ ತಕ್ಕಡಿ ಮೇಲೆ ಸೀರೆ ಇಟ್ಟಿದ್ದು. ಜರಿ ತುಂಬಿದ ಕಂಚಿ ರೇಷ್ಮೆ 900 ಗ್ರಾಂ ದಾಟಿತು. ಇಳಕಲ್ಲು 520. ಜಾರ್ಜೆಟ್ 380. ಲಂಗ ಒಂದಕ್ಕೆ 200 ಬೇರೆ. ಐದು ಸೀರೆ, ಐದು ಲಂಗ, ಐದು ಕುಪ್ಪಸ ಅಂದ್ರೆ ಬ್ಯಾಗಲ್ಲಿ ಹಲ್ಲುಜ್ಜೋ ಬ್ರಷ್ಷಿಗೂ ಜಾಗ ಇರಲ್ಲ.

ನಾನು ಒಯ್ದದ್ದು ಎರಡೇ. ಒಂದು ದಾಳಿಂಬೆ ಬಣ್ಣದ ಇಳಕಲ್ಲು, ಒಂದು ಕಪ್ಪು ಜಾರ್ಜೆಟ್. ಎರಡಕ್ಕೂ ಒಂದೇ ಮರೂನು ಲಂಗ, ಒಂದೇ ಗುಳೇದಗುಡ್ಡ ಖಣದ ಕುಪ್ಪಸ. ಖಣದ ಕುಪ್ಪಸದ ಗುಣವೇ ಅದು, ಯಾವ ಸೀರೆ ಮೇಲಾದ್ರೂ ಬೇಕಂತಲೇ ಹೊಂದಿಸಿದ ಹಾಗೆ ಕಾಣುತ್ತೆ. ಫಾರ್ಮಲ್ ರಾತ್ರಿಗೆ ಇಳಕಲ್ಲಿಗಿಂತ ದೊಡ್ಡದು ಬೇಡವೇ ಬೇಡ. ಆ ಕೆಂಪು ಟೋಪ್ ತೆನಿ (ಗೋಪುರದ ಸಾಲಿನಂಥ ವಿನ್ಯಾಸ) ಸೆರಗು ಹೆಗಲ ಮೇಲೆ ಬಿದ್ದರೆ ಕೊರಳಿಗೆ ಬರೀ ತಾಳಿ ಸಾಕು, ಚಿನ್ನ ಮನೆಯಲ್ಲೇ ಇರಲಿ.

ಒಂದು ಎಚ್ಚರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರ್ತಾರಲ್ಲ, ಆ ಗೆರೆ ಮೇಲೆ ಮಡಿಕೆ ಬೀಳದ ಹಾಗೆ ನೋಡ್ಕೊಳ್ಳಿ. ನಾನು ಮಡಚಲ್ಲ. ಲಂಗವನ್ನ ಒಳಗಿಟ್ಟು ಸೀರೆಯನ್ನ ಚಾಪೆ ಸುತ್ತಿದ ಹಾಗೆ ಸುತ್ತಿ ಹಳೇ ದಿಂಬಿನ ಚೀಲಕ್ಕೆ ತುರುಕ್ತೀನಿ. ಯಾಕಂದ್ರೆ ಹಡಗಿಗೆ ಇಸ್ತ್ರಿಪೆಟ್ಟಿಗೆ ಒಯ್ಯೋ ಹಾಗಿಲ್ಲ. ನಾನು ಗೊತ್ತಿಲ್ಲದೆ ಸಣ್ಣದೊಂದು ಒಯ್ದಿದ್ದೆ. ಹತ್ತುವಾಗಲೇ ಎತ್ತಿಟ್ಟುಕೊಂಡು ಚೀಟಿ ಕೊಟ್ಟರು, ಇಳಿಯೋ ದಿನ ವಾಪಸ್ ಸಿಕ್ತು.

ಹೈಹೀಲ್ಸ್ ಬೇಡ. ಸಮುದ್ರ ಶಾಂತ ಇದ್ದರೂ ಮೆಟ್ಟಿಲ ಮೇಲೆ ಒಂದೊಂದು ಸಲ ಕಾಲ ಕೆಳಗೆ ನೆಲ ಜಾರಿದ ಹಾಗಾಗುತ್ತೆ. ನೆರಿಗೆಗೆ ಎರಡು ಪಿನ್ನು ಹೆಚ್ಚಿಗೆ ಹಾಕಿ.

ಹಡಗು ಬಿಟ್ಟ ಹುಡುಗ, ಕೊಪ್ಪಳ

ಅಕ್ಕಾರು ಹೇಳಿದ್ದು ಖರೆ. ಇಸ್ತ್ರಿಪೆಟಗಿ, ಹಬಿ ಬಿಡೋ ಸ್ಟೀಮರ್ ಎರಡೂ ಬೆಂಕಿ ಭಯಕ್ಕ ನಿಷೇಧ. ನಡಸಮುದ್ರದಾಗ ಬೆಂಕಿ ಹತ್ತಿದ್ರ ಫೈರ್ ಎಂಜಿನ್ ಬರಂಗಿಲ್ಲಲ್ಲ. ಕೆಲವು ಕಂಪನಿ ಹಡಗಿನಾಗ ಪ್ರಯಾಣಿಕರಿಗಂತನ ಬಟ್ಟಿ ಒಗಿಯೋ ಖೋಲಿ, ಅಲ್ಲೇ ಇಸ್ತ್ರಿ ಇರತೈತಿ. ಇಲ್ಲಂದ್ರ ಒಂದೊಂದು ಬಟ್ಟಿಗೆ ಡಾಲರ್ ಲೆಕ್ಕದಾಗ ಕೊಟ್ಟು ಮಾಡಸಬೇಕು. ಪುಗಸಟ್ಟೆ ದಾರಿ: ಬಿಸಿನೀರ ಸ್ನಾನ ಮಾಡುವಾಗ ಅಂಗಿ, ಸೀರಿ ಅದೇ ಬಾತ್‌ರೂಮಿನಾಗ ಹ್ಯಾಂಗರಿಗೆ ಹಾಕ್ರಿ. ಹಬಿಗೆ ಅರ್ಧ ಮಡಿಕಿ ಬಿಡತಾವು.

ಇನ್ನೊಂದು ಗುಟ್ಟು: ಕೋಣಿ ಗೋಡಿ ಕಬ್ಬಿಣದ ತಗಡು. ಫ್ರಿಜ್ಜಿಗೆ ಅಂಟಸೋ ಅಯಸ್ಕಾಂತದ ಕೊಕ್ಕಿ ನಾಕು ಒಯ್ರಿ, ಗೋಡಿ ತುಂಬ ಬಟ್ಟಿ ತೂಗಹಾಕಬಹುದು. ಕಪಾಟು ಬಾಳ ಸಣ್ಣದಿರತೈತಿ.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್, ಬಳ್ಳಾರಿ

ಅಕ್ಕಾರ ತಕ್ಕಡಿ ಮಾತು ಓದಿ ನಾನೂ ಯೂನಿಟ್‌ನಾಗೆ ತೂಗಿದೆ. ನಾವು ಹೊಲಿಯೋ 12 ಔನ್ಸಿನ ಡೆನಿಮ್ ಪ್ಯಾಂಟು 710 ಗ್ರಾಂ. ಔನ್ಸ್ ಗೊತ್ತಿಲ್ಲದೋರಿಗೆ: ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತೋ ಅದೇ ಲೆಕ್ಕ, 12 ಅಂದ್ರೆ 340 ಗ್ರಾಂ. ಅದೇ ನನ್ನ ಮದುವೆ-ಮುಂಜಿಯ ಕರೀ ಟೆರಿಕಾಟ್ ಪ್ಯಾಂಟು 360 ಗ್ರಾಂ. ಅರ್ಧಕ್ಕರ್ಧ! ಇಪ್ಪತ್ತು ವರ್ಷ ಜೀನ್ಸಿನ ಅನ್ನ ತಿಂದೋನು ನಾನು, ಈ ಮಾತು ಬರೆಯೋಕೆ ಕೈ ನಡುಗ್ತೈತೆ. ಮೇಲಾಗಿ ಜೀನ್ಸ್ ಒಗೆದ್ರೆ ನಮ್ಮ ಬಳ್ಳಾರಿ ಬಿಸಿಲಿಗೆ ಒಂದೂವರೆ ಗಂಟೆಗೆ ಒಣಗುತ್ತೆ, ಹಡಗಿನ ಏಸಿ ಕೋಣೆಯಾಗೆ ಎರಡು ದಿನಾನೂ ಸೊಂಟದ ಪಟ್ಟಿ ಹಸಿನೇ ಇರುತ್ತೆ.

ಹಂಗಾಗಿ ಈಗಿನ ಲೆಕ್ಕ: ಕರೀ ಪ್ಯಾಂಟು ಒಂದು, ಬೂದು ಪ್ಯಾಂಟು ಒಂದು, ಅಂಗಿ ಮೂರು. ಶೂ ಕಾಲಾಗೇ ಹಾಕ್ಕೊಂಡು ವಿಮಾನ ಹತ್ತೋದು, ಅದು ಜತೆಗೆ 900 ಗ್ರಾಂ ಐತೆ. ಅಪ್ಪನ ಪಂಚೆ ಮೂರಿಟ್ರೂ ಒಂದು ಜೀನ್ಸಿನಷ್ಟು ಭಾರ ಇಲ್ಲ. ಈ ಸ್ಪರ್ಧೆಯಾಗೆ ಗೆದ್ದೋರು ಅಪ್ಪನೇ.

ಫಾರ್ಮಲ್ ರಾತ್ರಿ ಪಂಚೆ ಮೇಲೆ ಬರೀ ಬಿಳಿ ಅಂಗಿ ಸಾಕಾ?

ಸಂಡೂರು ಗುಡ್ಡ

ಮೇಲೊಂದು ತೋಳಿಲ್ಲದ ನೆಹರೂ ಜಾಕೆಟ್ ಹಾಕಿಸಿ, ಮದುವಣಗಿತ್ತಿಯ ತಂದೆ ಕಂಡಂಗೆ ಕಾಣ್ತಾರೆ. ಹೆಣ್ಣುಮಕ್ಕಳಿಗೆ ನಮ್ಮೂರಿನದೊಂದು ಸೇರಿಸ್ಲಾ? ಲಂಬಾಣಿ ಕಸೂತಿ ಇರೋ ದುಪಟ್ಟಾನೋ ಸಣ್ಣ ಕೈಚೀಲಾನೋ ಒಂದು ಒಯ್ದರೆ ಸಾದಾ ಬಣ್ಣದ ಕುರ್ತಾ ಕೂಡ ಊಟದ ಹಾಲಿಗೆ ಸಾಕು. ಹಗಲು ಹಾಕಿದ ಬಟ್ಟೆನೇ, ಮೇಲಿನ ಸಾಮಾನು ಮಾತ್ರ ಬೇರೆ. ಇಂಥ ಊರಿನದೇ ಅಂತ ಸರ್ಕಾರ ಕೊಡೋ ಜಿಐ ಗುರುತು ಇರೋ ಕಸೂತಿ ಇದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ನಮ್ಮ ಕಡೆ ಹೆಣ್ಮಕ್ಕಳ ಕೈಯ 1755 ತುಣುಕು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಆಗಿತ್ತು. ಕನ್ನಡಿ ಚೂರು ಜಾಸ್ತಿ ಇರೋದು ತಗೋಬೇಡಿ, ಭಾರ ಆಗುತ್ತೆ, ಸೀರೆಗೂ ಸಿಕ್ಕಿಕೊಳ್ಳುತ್ತೆ.

ಸೆರಗಿನ ತೆನಿ, ಗಂಗಾವತಿ

ಶಾಲು ಮರೀಬೇಡಿ! ನಮಗೆ ಬಿಸಿಲು ಗೊತ್ತು, ಆ ಊಟದ ಹಾಲಿನ ಏಸಿ ಗೊತ್ತಿಲ್ಲ. ನಾನು ಎರಡನೇ ದಿನ ಕಾಲ ಮೇಲೆ ಹಾಸಿಕೊಳ್ಳೋಕೆ ಕೊಡ್ತಾರಲ್ಲ ಆ ಬಟ್ಟೆ ಕರವಸ್ತ್ರವನ್ನ ಹೆಗಲಿಗೆ ಹಾಕ್ಕೊಂಡು ಸಾರು ಕುಡಿದೆ. ಮಗಳು ಇವತ್ತಿಗೂ ಆಡಿಕೊಳ್ತಾಳೆ.

ರಾಯಚೂರು ಬಿಸಿಲು

ಈಗ ನನ್ನ ಬ್ಲೇಜರಿನ ಕಥಿ. ಮಾಸ್ತರ, ಇದನ್ನ ಕಥಿ ಅಂತ ಓದಬ್ಯಾಡ್ರಿ, ಎಚ್ಚರಿಕಿ ಅಂತ ಓದ್ರಿ.

ಕಡೀ ರಾತ್ರಿ ಊಟ ಆದ ಮ್ಯಾಲ ದೊಡ್ಡ ಬ್ಯಾಗಿಗೆ ಚೀಟಿ ಕಟ್ಟಿ ಕೋಣಿ ಹೊರಗ ಇಡ್ರಿ, ನಾವೇ ಇಳಸ್ತೀವಿ, ದಡದ ಮ್ಯಾಲ ತಗೋರಿ ಅಂತಾರ. ನಾ ಬಲೇ ಶಿಸ್ತಿನ ಮನಷ್ಯಾ. ಎಲ್ಲಾ ಬಟ್ಟಿ ಮಡಚಿ ತುಂಬಿ, ಊಟಕ್ಕ ಹಾಕಿದ್ದ ಪ್ಯಾಂಟೂ ಬಿಚ್ಚಿ ಅದರಾಗೇ ಇಟ್ಟು, ಚಡ್ಡಿ ಮ್ಯಾಲ ಮಲಗಿದೆ. ಮುಂಜಾನೆ ಎದ್ದು ನೋಡ್ತೀನಿ, ಬ್ಯಾಗು ಹೋಗಿಬಿಟ್ಟದ! ಕೋಣ್ಯಾಗ ಉಳಿದದ್ದು ಬಾಗಲದ ಹಿಂದ ತೂಗಹಾಕಿದ್ದ ಆ ಬ್ಲೇಜರ್ ಒಂದೇ. ಹೂವಿನ ಚಡ್ಡಿ, ಅದರ ಮ್ಯಾಲ ನೀಲಿ ಬ್ಲೇಜರ್, ಕಾಲಾಗ ಕೋಣ್ಯಾಗಿನ ಬಟ್ಟೀ ಚಪ್ಪಲಿ. ಹಂಗೇ ನಾಷ್ಟಾ ಮಾಡಿ, ಹಂಗೇ ಬಲ್ಲಾರ್ಡ್ ಪಿಯರಿನ್ಯಾಗ ಇಳದೆ. ನಮ್ಮಾಕಿ ಹತ್ತು ಹೆಜ್ಜಿ ಮುಂದ ನಡದ್ಲು, ಈ ಮನಷ್ಯಾ ಯಾರೋ ಗೊತ್ತಿಲ್ಲ ಅನ್ನೋರಂಗ.

ಹಡಗು ಬಿಟ್ಟ ಹುಡುಗ, ಕೊಪ್ಪಳ

ಅಣ್ಣಾ, ನೀವೊಬ್ಬರೇ ಅಲ್ಲ. ಪ್ರತಿ ಪ್ರವಾಸಕ್ಕೂ ಇಂಥವರು ಒಬ್ಬಿಬ್ಬರು ಸಿಕ್ಕೇ ಸಿಗತಿದ್ರು. ರಾತ್ರಿ ಡ್ರೆಸ್ಸಿನ ಮ್ಯಾಲೆ ಬಾತ್‌ರೋಬ್ ಹಾಕ್ಕೊಂಡು ಇಳದವರನ್ನೂ ಕಂಡೀನಿ.

ಮಾಸ್ಟರಿಗೆ ಈ ಕಾಟ ಇಲ್ಲ. ಕೈಬ್ಯಾಗು ಒಂದೇ ಇದ್ರ ಹೊರಗ ಇಡೋ ಗೊಡವಿನ ಇಲ್ಲ, ತಾವೇ ಎತಗೊಂಡು ಇಳೀಬಹುದು. ಹತ್ತುವಾಗೂ ಬ್ಯಾಗು ಕೈಯಾಗ ಇರತೈತಿ, ಸಂಜಿತನ ಕಾಯೋದು ತಪ್ಪತೈತಿ.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್, ಬಳ್ಳಾರಿ

ಹೋಗಿ ಬಂದ್ವಿ. ಬರೆಯೋದು ತಡ ಆಯ್ತು, ಸೀಸನ್ ಆರ್ಡರ್ ತಲೆ ಮೇಲೆ ಕೂತಿತ್ತು.

ಜಾಕೆಟ್ ಕೊಳ್ಳಲಿಲ್ಲ. ಹೋಗೋ ಹಿಂದಿನ ವಾರ ಯೂನಿಟ್‌ನಾಗೆ ಆರು ಔನ್ಸಿನ ಕರೀ ಡೆನಿಮ್ ಮೂಲೆಯಾಗೆ ಒಂದೂವರೆ ಮೀಟರ್ ಬಿದ್ದಿತ್ತು. ನಾನೇ ಕತ್ತರಿಸಿ ಅಪ್ಪಗೆ ನೆಹರೂ ಜಾಕೆಟ್ ಹೊಲಿದೆ. ಕಾಣೋ ಕಡೆ ಎಲ್ಲೂ ಹಳದಿ ದಾರದ ಹೊಲಿಗೆ ಇಲ್ಲ, ಕರೀ ದಾರ, ತಾಮ್ರದ ಗುಂಡಿ ಬದಲು ಮರದ ಗುಂಡಿ. ಎರಡು ಸಲ ಮೆತ್ತಗೆ ವಾಷ್ ಕೊಡಿಸಿದೆ. 270 ಗ್ರಾಂ. ಹತ್ತಿರ ಬಂದು ಮುಟ್ಟಿದ್ರೆ ಮಾತ್ರ ಜೀನ್ಸ್ ಬಟ್ಟೆ ಅಂತ ಗೊತ್ತಾಗುತ್ತೆ.

ನಮ್ಮ ಕೊಪ್ಪಳದ ಹುಡುಗ ಹೇಳ್ದಂಗೆ ಮೊದಲನೇ ದಿನ ಅಲ್ಲ, ಫಾರ್ಮಲ್ ಇದ್ದಿದ್ದು ಎರಡನೇ ರಾತ್ರಿ. ಬಾಗಿಲ ಹತ್ರ ನನ್ನ ಎದೆ ಡವಡವ. ಅಪ್ಪ ಪಂಚೆ ಅಂಚು ಒಂದು ಕೈಯಾಗೆ ಹಿಡಕೊಂಡು, ನಿಂತಿದ್ದ ಹುಡುಗಿಗೆ ಕೈ ಮುಗಿದ್ರು. ಅವಳೂ ಮುಗಿದು ಕೋಣೆ ನಂಬರ್ ಕೇಳಿ ಒಳಗೆ ಬಿಟ್ಲು. ಇಷ್ಟಕ್ಕೆ ನಾನು ತಿಂಗಳು ನಿದ್ದೆ ಕೆಟ್ಟಿದ್ದು! ಒಳಗೆ ಸೂಟಿನೋರು ಹತ್ತರಾಗೆ ಇಬ್ಬರೋ ಮೂವರೋ. ಕರೀ ಪ್ಯಾಂಟು, ತುಂಬುತೋಳಿನ ಅಂಗಿಯಾಗೆ ನಾನು ಗುಂಪಲ್ಲಿ ಗೋವಿಂದ.

ಒಂದೇ ಒಂದು ಸಲ ಗಾಬರಿ ಆಯ್ತು. ಟವಲ್ ಬೇಡಪ್ಪಾ ಅಂತ ಹೇಳಿದ್ದೆ. ಜಾಕೆಟ್ ಒಳಗೆ ಮಡಚಿ ಇಟ್ಟುಕೊಂಡು ಬಂದಿದ್ರು. ಸಾರು ಬರೋ ಹೊತ್ತಿಗೆ ಏಸಿ ತಡೀಲಾರದೆ ಅದನ್ನ ತೆಗೆದು ಕಿವಿ ಮುಚ್ಚಂಗೆ ತಲೆಗೆ ಸುತ್ತಿಬಿಟ್ರು, ಬೆಳಗಿನ ಜಾವ ಹೊಲಕ್ಕೆ ನೀರು ಕಟ್ಟೋಕೆ ಹೊಂಟಂಗೆ. ಹಾಲಿನ ಮೇಲ್ವಿಚಾರಕ ನಮ್ಮ ಕಡೆಗೇ ಬಂದ. ಮುಗೀತು ಅಂದ್ಕೊಂಡೆ. ಅವನು ಮೇಲೆ ಏಸಿ ಕಿಂಡಿ ತೋರಿಸಿ, ಇದರ ಕೆಳಗೆ ಬೇಡ, ಆ ಮೂಲೆ ಟೇಬಲ್ಲಿಗೆ ಬನ್ನಿ ಅಂತ ತಾನೇ ತಟ್ಟೆ ಎತ್ತಿಕೊಂಡು ಹೋದ.

ನಮ್ಮ ಮನೆಯಾಕೆ ಎರಡೇ ಸೀರೆ ಒಯ್ದಿದ್ದು. ಇಳಕಲ್ಲು ಎರಡನೇ ರಾತ್ರಿನೂ ಅದೇ, ನಾಲ್ಕನೇ ರಾತ್ರಿನೂ ಅದೇ. ಯಾರಿಗೂ ಗೊತ್ತಾಗಲಿಲ್ಲ ಅನ್ನಂಗಿಲ್ಲ, ಪಕ್ಕದ ಟೇಬಲ್ಲಿನ ಗುಜರಾತಿ ಅಮ್ಮ ಗುರುತು ಹಿಡಿದ್ರು. ಎರಡು ದಿನದಿಂದ ಇದರ ಸೆರಗೇ ನೋಡ್ತಿದೀನಿ, ಎಲ್ಲಿ ಸಿಗುತ್ತೆ ಅಂತ ಊರಿನ ಹೆಸರು ಬರೆಸಿಕೊಂಡ್ರು.

ಗೋಡೆಗೆ ಕೊಕ್ಕೆ ಅಂಟಿದ್ದು ನೋಡಿ ಅಪ್ಪಗೆ ಎಲ್ಲಕ್ಕಿಂತ ಆಶ್ಚರ್ಯ. ಹಡಗಿನ ಸ್ವಿಮ್ಮಿಂಗ್ ಪೂಲೂ ಅಲ್ಲ, ಸಮುದ್ರಾನೂ ಅಲ್ಲ, ಕೊಕ್ಕೆ.

ಒಂದು ಒಪ್ಪಿಕೊಳ್ಳೋದೈತೆ. ನಾನೊಂದು ಜೀನ್ಸ್ ಕದ್ದು ಬ್ಯಾಗಿಗೆ ಹಾಕ್ಕೊಂಡಿದ್ದೆ, 710 ಗ್ರಾಂದೇ. ಮಡಿಕೆ ಬಿಚ್ಚದೆ ವಾಪಸ್ ಬಂತು. ಊರಿಗೆ ಬಂದ ಮೇಲೆ ಅಪ್ಪನ ಕಟ್ಟೆ ಗೆಳೆಯರು ಇಬ್ಬರು ಜಾಕೆಟ್ಟಿಗೆ ಅಳತೆ ಕೊಟ್ಟು ಹೋಗಿದಾರೆ. ಬಟ್ಟೆ ಹುಡುಕ್ತಾ ಇದೀನಿ.

ರಾಯಚೂರು ಬಿಸಿಲು

ಮಾಸ್ತರ, ನನ್ನ ಎದಿ ಸುತ್ತಳತಿ 42. ಬದಲಿಗೆ ಒಂದು ನೀಲಿ ಬ್ಲೇಜರ್ ಕೊಡ್ತೀನಿ, ಎರಡೇ ಸಲ ಹಾಕಿದ್ದದ.